ಸುಮ್ನೆ ಬರುತ್ತಿದ್ದವಳು

“ಚಿತ್ರಕಲೆ ಕ್ಲಾಸಿಗೆ ಸೇರ್ಕೋತೀರೋ, ಸಂಗೀತಕ್ಕೋ? ಒಂದು ಹೇಳಿಬಿಡಿ,” ಎಂದೆ ಆ ಹುಡುಗಿಗೆ. ನನ್ನ ದನಿ ಒರಟಾಗಿಯೇ ಇತ್ತು. ಕೆಂಡಲ್ ಪಾರ್ಕಿನ ನಮ್ಮ ಕನ್ನಡ ಕೇಂದ್ರವೆಂದರೆ ಬಾಡಿಗೆಗೆ ಹಿಡಿದ ಒಂದು ಹಾಲ್. ಶನಿವಾರ ಬಂತೆಂದರೆ ಬೀಗ ತೆಗೆಯುವುದು, ಕುರ್ಚಿ ಹಾಕುವುದು, ಕಾಫಿ ಬೆರೆಸುವುದು ಎಲ್ಲ ನನ್ನ ತಲೆಯ ಮೇಲೇ. ಸಾಫ್ಟ್‌ವೇರಿನ ಆ ಭರಾಟೆಯ ವರ್ಷಗಳಲ್ಲಿ ವಾರವಿಡೀ ನ್ಯೂಯಾರ್ಕಿನ ಆಫೀಸಿಗೆ ಕಮ್ಯೂಟ್ ಮಾಡಿ ಹಣ್ಣಾಗಿರುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದ ಈ ಹುಡುಗಿಯೋ ಯಾವ ಕ್ಲಾಸಿಗೂ ಸೇರದೆ, ಪ್ರತಿ ವಾರವೂ ಕಾಫಿ ಮೇಜಿನ ಪಕ್ಕ ಕೂತು ಹೋಗುತ್ತಿದ್ದಳು.

“ಯಾವ್ದಕ್ಕೂ ಅಲ್ರೀ ಆಂಟಿ. ಸುಮ್ನ ಬಂದೀನಿ,” ಎಂದಳು.

“ಸುಮ್ನೆ ಕೂರೋಕೆ ಪಕ್ಕದ್ಮನೆಯವರ ಕಾರಲ್ಲಿ ರೈಡ್ ಕೇಳ್ಕೊಂಡು ಬರ್ಬೇಕಾ?”

“ಇವ್ರಿಗೆ ಶನಿವಾರನೂ ಆಫೀಸು. ನನ್ನ ವೀಸಾದಾಗ ಕೆಲ್ಸ ಮಾಡಾಕ ಬರಂಗಿಲ್ಲ. ಮನ್ಯಾಗ ಒಬ್ಬಾಕಿನ ಸುಮ್ನ ಕುಂತಿರ್ತೀನ್ರಿ. ಇಲ್ಲಿ ಮಂದಿ ನಡುವ ಸುಮ್ನ ಕುಂದರ್ತೀನಿ, ಅಷ್ಟ.”

ಅವಳ ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತೆ. ಆ ಹಾಲಿನಲ್ಲಿ ನಾನು ಕೂತದ್ದು ಅದೇ ಮೊದಲು.

ಮುಂದೆ ಅವಳ ಗಂಡನ ಪ್ರಾಜೆಕ್ಟ್ ಮುಗಿದು ಅವರು ಟೆಕ್ಸಾಸಿಗೆ ಹೊರಟುಹೋದರು. ನನ್ನ ಸುಸ್ತೇನೂ ಕಡಿಮೆಯಾಗಿಲ್ಲ. ಈಗಲೂ ಶನಿವಾರ ಕುರ್ಚಿಗಳನ್ನು ಮಡಿಸುವಾಗ ಕಾಫಿ ಮೇಜಿನ ಪಕ್ಕದ್ದೊಂದನ್ನು ಬಿಟ್ಟು, ಅದರಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಯಾರಾದರೂ “ಏನಾಯ್ತು ಆಂಟಿ?” ಎಂದು ಕೇಳಿದರೆ “ಏನಿಲ್ಲ, ಸುಮ್ನೆ,” ಎನ್ನುತ್ತೇನೆ.