ಸವಳಂಗದ ಗೋಣೆಪ್ಪನ ಅಪೀಲು

ಸವಳಂಗದಲ್ಲಿ ಗೋಣೆಪ್ಪನಷ್ಟು ಚೆನ್ನಾಗಿ ಎತ್ತು ಪಳಗಿಸುವವರು ಇರಲಿಲ್ಲ. ೧೯೪೧ರಲ್ಲಿ ಸಿಪಾಯಿಯಾದಾಗ ಸೈನ್ಯದವರು ಅವನ ಕೈಗೆ ಹೇಸರಗತ್ತೆಗಳನ್ನು ಕೊಟ್ಟು ಬರ್ಮಾಕ್ಕೆ ಕಳಿಸಿದರು. ಮರುವರ್ಷ ಕಾಡು ಬೆಟ್ಟ ದಾಟಿ ಹಿಂದಿರುಗುವಾಗ ಬಾಂಬು ಬಿತ್ತು. ಗೋಣೆಪ್ಪನಿಗೆ ಒಂದು ಗೀರೂ ಆಗಲಿಲ್ಲ. ಪಕ್ಕದಲ್ಲೇ ನಡೆಯುತ್ತಿದ್ದ ಜಗಳೂರಿನ ಉಚ್ಚಂಗೆಪ್ಪನ ಹೆಣ ಮಾತ್ರ ಹುಡುಕಿದರೂ ಸಿಗಲಿಲ್ಲ.

ಊರಿಗೆ ಬಂದವನು ಬೇರೆಯೇ ಆಗಿದ್ದ. ಉಣ್ಣಲು ಕೂತರೆ ಕೈ ನಡುಗಿ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಹೆಂಡತಿ ಭೀಮಕ್ಕನೇ ಉಣಿಸಬೇಕು. ರಸ್ತೆಯಲ್ಲಿ ಮೋಟಾರು ಸದ್ದಾದರೆ ಗದ್ದೆಯ ಕೆಸರಿನಲ್ಲೇ ಬೋರಲು ಬೀಳುತ್ತಿದ್ದ. ನೇಗಿಲು ಹಿಡಿಯುವುದು ನಿಂತೇಹೋಯಿತು.

ಸೈನ್ಯದ ವೈದ್ಯರು ಇದು ಹುಟ್ಟಿನಿಂದ ಬಂದ ಕಾಯಿಲೆ, ಯುದ್ಧದಿಂದಲ್ಲ ಎಂದು ಬರೆದಿದ್ದರು. ಹಾಗಾಗಿ ಪಿಂಚಣಿ ಸಿಗಲಿಲ್ಲ. ಹೊನ್ನಾಳಿಯಲ್ಲಿದ್ದ ನಿವೃತ್ತ ಹವಾಲ್ದಾರ ಮಹೇಶ್ವರಪ್ಪ ಅಪೀಲು ಬರೆದುಕೊಟ್ಟ.

"ಮೊದ್ಲು ಚೆನ್ನಾಗಿದ್ದ, ಈಗ ಕೈಲಿ ಏನೂ ಆಗಲ್ಲ. ಇವೆರಡನ್ನೂ ವಿಚಾರಣೆ ಮಾಡೋ ಸಾಹೇಬರಿಗೆ ಮನಗಾಣಿಸಬೇಕು ಭೀಮಕ್ಕ. ನೀನೂ ಜೊತೆಗೆ ಹೋಗು."

೧೯೪೫ರಲ್ಲಿ ಬೆಂಗಳೂರಿನಲ್ಲಿ ವಿಚಾರಣೆ. ಮೇಜಿನ ಹಿಂದೆ ಮೂವರು ಅಧಿಕಾರಿಗಳು ಕೂತಿದ್ದರು. ಒಳಗೆ ಕಾಲಿಟ್ಟದ್ದೇ ಗೋಣೆಪ್ಪನ ಬೆನ್ನು ನೆಟ್ಟಗಾಯಿತು. ಹಿಮ್ಮಡಿ ಕೂಡಿಸಿ ಸಲಾಮು ಹೊಡೆದ. ಹೆಸರು, ನಂಬರು, ಪಡೆ ಎಲ್ಲವನ್ನೂ ಗಟ್ಟಿ ದನಿಯಲ್ಲಿ ಒಪ್ಪಿಸಿದ. ತೊಡೆಗೆ ಅಂಟಿಕೊಂಡ ಕೈಗಳು ಅಲುಗಲಿಲ್ಲ.

ಅವರಲ್ಲಿ ಕನ್ನಡ ಬಲ್ಲ ವೈದ್ಯರು ಭೀಮಕ್ಕನತ್ತ ತಿರುಗಿದರು. "ಚೆನ್ನಾಗಿಯೇ ಇದ್ದಾನಲ್ಲಮ್ಮಾ?"

"ಕೂರಾಕೆ ಹೇಳ್ರಿ ಸಾಹೇಬ್ರೆ. ಕೂತ್ರೆ ಕಾಣ್ತೈತೆ."

ವೈದ್ಯರು ಹೇಳಿದರು. ಗೋಣೆಪ್ಪ ಕದಲಲಿಲ್ಲ. "ಸಾಹೇಬರ ಮುಂದೆ ಕೂರಂಗಿಲ್ಲ, ಹುಜೂರ್."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಕೂತರೆ ಬಣ್ಣ ಬಯಲಾದೀತೆಂದು ಹೆದರಿದ್ದಾನೆ ಎನ್ನಿಸಿರಬೇಕು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತದ್ದೇ ತಡ, ಅವನ ಮೈಯೆಲ್ಲ ಗಡಗಡ ನಡುಗತೊಡಗಿತು.

"ಒಳಗ್ಯಾಕೆ ಹಿಂಗೆ ಆಗ್ಲಿಲ್ಲ?" ಭೀಮಕ್ಕ ಸಿಟ್ಟಿನಿಂದ ಕೇಳಿದಳು.

"ಅಲ್ಲಿ ಹೆಂಗೆ ನಡುಗಲಿ ಭೀಮಿ? ಅವರು ಆಫೀಸರು."

ಭೀಮಕ್ಕ ಅವನ ಕೈಗಳನ್ನು ಸೆರಗಿನೊಳಗೆ ಬಿಗಿಹಿಡಿದು ಕೂತಳು.

ಅಪೀಲು ವಜಾ ಆಯಿತು. ಆಳು ಆರೋಗ್ಯವಾಗಿದ್ದಾನೆ ಎಂದು ತೀರ್ಮಾನವಾಗಿತ್ತು. ಸುಳ್ಳು ಹೇಳಿ ಸರ್ಕಾರದ ದುಡ್ಡು ತಿನ್ನಲು ಹೋಗಿದ್ದನೆಂದು ಊರಿನಲ್ಲೂ ಕೆಲವರು ಆಡಿಕೊಂಡರು. ಅದು ಕಿವಿಗೆ ಬಿದ್ದ ಮೇಲೆ ಗೋಣೆಪ್ಪ ಅರಳಿಕಟ್ಟೆಯ ಕಡೆ ಸುಳಿಯಲಿಲ್ಲ. ದನದ ಕೊಟ್ಟಿಗೆಯಲ್ಲಿ ಎತ್ತುಗಳ ಕೊರಳು ಸವರುತ್ತ ದಿನ ಕಳೆದ. ಭೀಮಕ್ಕ ಕೂಲಿಗೆ ಹೋಗಿ ಮನೆ ನಡೆಸಿದಳು. ೧೯೪೮ರ ಮಳೆಗಾಲದಲ್ಲಿ ಜ್ವರ ಬಂದು ಅವನು ತೀರಿಕೊಂಡ.

ತಿಥಿಗೆ ಬಂದ ಮಹೇಶ್ವರಪ್ಪ ಮೆಲ್ಲಗೆ ಹೇಳಿದ: "ನಿನ್ನ ಹೆಸರಲ್ಲಿ ಇನ್ನೊಂದು ಅರ್ಜಿ ಹಾಕಾಕೆ ಬರ್ತೈತೆ ತಂಗಿ."

"ಬ್ಯಾಡ್ರಣ್ಣ. ಅವರನ್ನ ಸುಳ್ಳುಗಾರ ಅಂತ ಇನ್ನೊಂದ್ಸಲ ಅನ್ನಿಸಾಕೆ ನಾನು ಹೋಗಲ್ಲ."

ಭೀಮಕ್ಕ ಮಹೇಶ್ವರಪ್ಪನಿಗೆ ಎಲೆ ಹಾಕಿ ಬಡಿಸಿದಳು. ಮಾರನೆಯ ದಿನ ನಾಟಿಯಿತ್ತು; ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಳಗಾಗುತ್ತಲೇ ಗದ್ದೆಗೆ ಇಳಿದಳು.