ಎದುರಾಳಿಯ ಹಾಡು ತಿದ್ದಿದ ಮಾಸ್ತರ

ಸೊಲ್ಲಾಪುರದಿಂದ ಅಕ್ಕಲಕೋಟಕ್ಕ ಹೊಂಟ ಬಸ್ಸಿನ್ಯಾಗ ನನ್ನ ಬಾಜೂಕ ಒಬ್ಬ ಭಜನಿ ಮಾಸ್ತರ ಕುಂತಿದ್ರು, ತೊಡಿ ಮ್ಯಾಲೆ ಹಾರ್ಮೋನಿಯಂ. ಅಕ್ಕಲಕೋಟದ ಮುನ್ಸಿಪಾಲ್ಟಿ ಇಲೆಕ್ಷನ್‌ಗೆ ನಿಂತಾರಂತ.

“ಗ್ರೀಸ್ ದೇಶದಾಗ ಹಾಡು ಕಟ್ಟಾಂವ ಒಬ್ಬ ರಾಜಕಾರಣ ಮಾಡಿ ಜೇಲಿಗೆ ಹೋದ, ಮುಂದ ಮಂತ್ರೀನೂ ಆದ, ಆಯಿ,” ಅಂದ್ರು.

“ಪಾರ್ಟಿ ಬದಲಿ ಮಾಡಿದ್ನೇನ್ರಿ?”

“ಮಾಡಿದ್ನಂತ,” ಅಂದ್ರು ಸಣ್ಣ ಧ್ವನೀಲೆ. ಮುಚ್ಚಿಡದ ಖರೇ ಹೇಳಿದ ಮಾಸ್ತರ ನನಗ ಭಾಳ ಪಸಂದ ಬಂದ್ರು.

ಅಕ್ಕಲಕೋಟದಾಗ ಇಳದ್ರ, ಸ್ಟ್ಯಾಂಡಿನ ಮುಂದ ಮಾಸ್ತರರ ಎದುರಾಳಿಯ ಹೆಂಡ್ತಿ ನಾಕು ಹೆಣ್ಮಕ್ಕಳನ್ನ ಕಟಗೊಂಡು ಪ್ರಚಾರದ ಹಾಡು ಹಾಡಾಕತ್ತಿದ್ಲು. ಧಾಟಿ ಇದೇ ಮಾಸ್ತರ ಕಟ್ಟಿದ ಭಜನೀದು, ತಾಳ ಮಾತ್ರ ಪೂರಾ ತಪ್ಪಿತ್ತು.

“ಸುಮ್ನ ಬರ್ರಿ, ಆಕಿ ಕೆಡಿಸಿದಷ್ಟೂ ನಿಮಗ ಫಾಯದಾ,” ಅಂದೆ.

“ನನ್ನ ಧಾಟಿ ಐತಿ ಆಯಿ, ಹೆಂಗ ಬಿಡ್ಲಿ?” ಅಂದವ್ರೇ ಕಟ್ಟಿ ಮ್ಯಾಲೆ ಹಾರ್ಮೋನಿಯಂ ಪೆಟಿಗಿ ಬಿಚ್ಚಿ ಕಲಿಸಾಕ ಕುಂತ್ರು. ಆಕಿ ಕೈ ಹಿಡದು ತಾಳ ಹಾಕಿ ತೋರ್ಸಿದ್ರು, ನಾ ಕಣ್ಣಾರೆ ನೋಡೀನಿ. ಅರ್ಧ ತಾಸಿನ್ಯಾಗ ಮಂದಿ ಜಮಾ ಆಗಿ ಎದುರಾಳಿ ಹೆಸರು ತಾವೂ ಹಾಡಾಕ ಹತ್ತಿದ್ರು.

ಇಲೆಕ್ಷನ್ನಾಗ ಮಾಸ್ತರ ಸೋತ್ರು. ನನ್ನ ವೋಟು ಸೊಲ್ಲಾಪುರದಾಗ ಐತಿ ಅಂತ ಬಚಾವಾದೆ, ಇಲ್ಲಾಂದ್ರ ನಾನೂ ಎದುರಾಳಿಗೇ ಹಾಕ್ತಿದ್ದೆ. ಹಾಡು ಅಷ್ಟು ಛಂದ ಆಗಿತ್ತು.