ದೀಪ ಹಚ್ಚುವ ಹೊತ್ತಿಗೆ ಸಾಯುವ ಚಾರ್ಜರ್

ಬ್ಯಾಟರಿ ಚಾರ್ಜರ್ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮನೆಯವರು ನಗುತ್ತಾರೆ. ನಗಲಿ. ಒಂದು ಕಬ್ಬಿಣದ ಡಬ್ಬಿಯ ಮೇಲೆ ಇಷ್ಟು ವರ್ಷ ಯಾರಾದರೂ ಹಲ್ಲು ಕಡಿಯುತ್ತಾರೆಯೇ ಎಂದು ಕೇಳುತ್ತಾರೆ. ಡಬ್ಬಿಯ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅದೊಂದೇ ತನ್ನ ಕೆಲಸ ತಾನು ಮಾಡುತ್ತಿತ್ತು.

ಅಪ್ಪ ಸಿರುಗುಪ್ಪದ ಹತ್ತಿರ ತುಂಗಭದ್ರೆಯ ಮೇಲೆ ದೋಣಿ ನಡೆಸುತ್ತಿದ್ದ. ಆಚೆ ದಡ ಆಗ ಮೊನ್ನೆ ಮೊನ್ನೆಯವರೆಗೂ ನಿಜಾಮನ ಸೀಮೆಯಾಗಿತ್ತು. ಅದು ಮುಗಿದ ಮೇಲೆ ಜನ ಧೈರ್ಯವಾಗಿ ಹೋಗಿ ಬರುವುದು ಹೆಚ್ಚಾಯಿತು. ನಾಟಿಯ ಹಂಗಾಮಿನಲ್ಲಿ ಕರೂರಿನ ಕೂಲಿ ಹೆಂಗಸರು ನಮ್ಮೂರಿನಲ್ಲಿ ಬಿಡಾರ ಹಾಕಿ, ಬೆಳಿಗ್ಗೆ ಆಚೆ ದಡದ ಗದ್ದೆಗೆ ಹೋದರೆ ಹೊತ್ತು ಮುಳುಗಿದ ಮೇಲೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ವಾಪಸಾಗುತ್ತಿದ್ದರು. ಅವರನ್ನು ತರುವ ಆ ಕೊನೆಯ ದೋಣಿಯನ್ನು ಅಪ್ಪ ಬೇರೆ ಯಾರ ಕೈಗೂ ಕೊಟ್ಟವನಲ್ಲ. ಹಗಲು ಬೇಕಾದರೆ ಯಾರಾದರೂ ಹುಟ್ಟು ಹಾಕಲಿ, ಸಂಜೆ ಮಾತ್ರ ತಾನೇ. ಊರಿನಲ್ಲಿ ಅವನ ಹೆಸರು ನಿಂತದ್ದೇ ಅದರ ಮೇಲೆ.

ಆದರೆ ಅವನಿಗೆ ಇರುಳುಗಣ್ಣು ಶುರುವಾಗಿತ್ತು. ಹಗಲಿನಲ್ಲಿ ಆಚೆ ದಡದ ಕೊಕ್ಕರೆಯನ್ನೂ ಎಣಿಸುವ ಕಣ್ಣು, ಸೂರ್ಯ ಇಳಿದದ್ದೇ ತಡ, ಎದುರಿನ ಬಂಡೆಯನ್ನೂ ಕಾಣುತ್ತಿರಲಿಲ್ಲ. ನಮ್ಮ ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಕಂದೀಲಿನ ಬೆಳಕು ಅವನಿಗೆ ಸಾಲದು. ಇದು ಗೊತ್ತಿದ್ದದ್ದು ನನಗೆ ಮತ್ತು ಕುರುಗೋಡಿನ ನನ್ನ ಸೋದರಮಾವನಿಗೆ ಮಾತ್ರ. ಅವ್ವ ಇಲ್ಲದ ಮನೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತ ಅಪ್ಪನ ಜೊತೆಗಿದ್ದೆ.

ಮಾವ ಬಸ್ಸು ಓಡಿಸುತ್ತಿದ್ದ. ಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ಮಿಲಿಟರಿ ಲಾರಿಯ ಹೆಡ್‌ಲೈಟೊಂದನ್ನು ತಂದು ದೋಣಿಯ ಮೂತಿಗೆ ಕಟ್ಟಿದ, ಅದಕ್ಕೊಂದು ಬ್ಯಾಟರಿ ಇಟ್ಟ. ಮೊದಲ ಸಂಜೆ ಅದು ಉರಿದಾಗ ಬಂಡೆಗಳೆಲ್ಲ ಹೊಸದಾಗಿ ಸುಣ್ಣ ಬಳಿದಂತೆ ಎದ್ದು ಕಂಡವು. ಹುಟ್ಟು ಹಾಕುವ ಅಪ್ಪನ ಕೈಯಲ್ಲಿ ಹಳೆಯ ಗತ್ತು ಬಂದಿತ್ತು. ಅವತ್ತೇ ನಾನು ನಿಶ್ಚಯಿಸಿದೆ, ಈ ದೀಪ ಆರಬಾರದು. ದೀಪ ಇದ್ದರೆ ಅಪ್ಪನಿಗೆ ಸಂಜೆಯ ದೋಣಿ ಉಂಟು, ಇಲ್ಲದಿದ್ದರೆ ಇಲ್ಲ.

ಬ್ಯಾಟರಿಗೆ ಕರೆಂಟು ಬೇಕಲ್ಲ? ಊರಿಗೆ ಕರೆಂಟು ಬಂದ ಹೊಸತು. ದಂಡೆಯ ಮೇಲಿನ ಮನೆಗಳಲ್ಲಿ ಅದು ಇದ್ದದ್ದು ಅತ್ತೆಯ ಮನೆಯಲ್ಲಿ ಮಾತ್ರ. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ತಾಯಿ ಸತ್ತಾಗ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೇಳಿದ ತಕ್ಷಣ, “ನನ್ನ ತಮ್ಮಗ ಇಲ್ಲ ಅಂತೀನೇನು? ಒಯ್ರಿ, ಎಷ್ಟು ಬೇಕು ಅಷ್ಟು ಒಯ್ರಿ” ಎಂದಳು. ಅವಳ ನಡುಮನೆಯ ಗೋಡೆಯಿಂದ ವೈರು ಹೊರಟು, ಹುಣಸೆಮರ ಹತ್ತಿಳಿದು ದೋಣಿ ಕಟ್ಟುವ ಗೂಟದವರೆಗೆ ಬಂತು. ದೋಣಿಯಲ್ಲಿ, ಅಪ್ಪ ಕೂರುವ ಹಲಗೆಯ ಕೆಳಗೆ, ನೀರು ತಾಗದ ಹಾಗೆ ಒಂದು ಮರದ ಪೆಟ್ಟಿಗೆ. ಅದರೊಳಗೆ ಚಾರ್ಜರ್. ಕೊನೆಯ ದೋಣಿ ಬಂದು ಕಟ್ಟಿದ ಮೇಲೆ ವೈರು ಸಿಕ್ಕಿಸಿದರೆ ಬೆಳಗಾಗುವ ಹೊತ್ತಿಗೆ ಬ್ಯಾಟರಿ ತುಂಬಬೇಕು.

ಮೊದಲ ಚಾರ್ಜರ್ ಆರಿಸಿದವನು ಮಾವ. ಅವನ ಆಯ್ಕೆಯ ಕ್ರಮ ಎಂದರೆ ಎತ್ತಿ ನೋಡುವುದು. “ತೂಕ ಇದ್ರ ಮಾಲು ಐತಿ ಅಂತ ತಿಳ್ಕೋ” ಎನ್ನುತ್ತಿದ್ದ. ಕುಂಬಳಕಾಯಿ ಕೊಳ್ಳುವವನ ಬುದ್ಧಿ. ಅದರೊಳಗೆ ಒಂದು ದಪ್ಪ ಗಾಜಿನ ಬುರುಡೆ, ಉರಿದರೆ ನೇರಳೆ ಬಣ್ಣ. ಅಲುಗಾಡುವ ದೋಣಿಯಲ್ಲಿ ಗಾಜು ಯಾಕೆ ಎಂದು ಕೇಳಿದ್ದಕ್ಕೆ, “ನೀ ಸಾಲ್ಯಾಗ ಮಗ್ಗಿ ಹೇಳಿಸು ಹೋಗು” ಎಂದ. ನಾಲ್ಕು ದಿನವೂ ಕಳೆದಿರಲಿಲ್ಲ, ಹೆಡ್‌ಲೈಟು ಕೆಂಪಗಾಗಿ ಬೀಡಿಯ ತುದಿಯಂತಾಯಿತು. ಕೊನೆಯ ದೋಣಿ ಕಟ್ಟಿ ವೈರು ಸಿಕ್ಕಿಸಿದರೆ ಚಾರ್ಜರಿನಲ್ಲಿ ಬೆಳಕೂ ಇಲ್ಲ, ಸದ್ದೂ ಇಲ್ಲ. ದಂಡೆಯ ಮೇಲೆ ಅತ್ತೆಯ ಮನೆಯ ಕಿಟಕಿಯಲ್ಲಿ ನೋಡಿದರೆ ವಿದ್ಯುದ್ದೀಪ ಥಳಥಳ ಉರಿಯುತ್ತಿದೆ. ಅಂದರೆ ಕರೆಂಟು ಇದೆ. ಕರೆಂಟು ಇದ್ದೂ ಇದು ಸತ್ತಿದೆ ಎಂದರೆ ಚಾರ್ಜರೇ ಕೆಟ್ಟಿದೆ. ಬೇರೆ ಏನು ತಿಳಿಯಬೇಕು? ಮುಂಜಾನೆ ಅಪ್ಪ ಹೋಗಿ ನೋಡಿದರೆ ಮತ್ತೆ ಗುಂಯ್ ಎನ್ನುತ್ತ ಎದ್ದು ಕೂತಿರುತ್ತಿತ್ತು. ಮೊದಲ ದೋಣಿ ಬಿಡುವವರೆಗೆ ಗಂಟೆಯೋ ಎರಡು ಗಂಟೆಯೋ ಅದು ಕೊಟ್ಟದ್ದೇ ಬ್ಯಾಟರಿಗೆ ಕೂಳು.

“ಅದೆಂಥಾ ದರಿದ್ರ ಮಿಷಿನ್ನೋ! ದೀಪ ಹಚ್ಚೋ ಹೊತ್ತಿಗೆ ಸಾಯತೈತಿ” ಎಂದು ಎಲ್ಲರಿಗಿಂತ ಜೋರಾಗಿ ಶಾಪ ಹಾಕಿದವಳು ಅತ್ತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೆಯದನ್ನು ನಾನೇ ಆರಿಸುತ್ತೇನೆ ಎಂದು ಹಟ ಹಿಡಿದು ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯ ಅಂಗಡಿಯವನು ನನ್ನ ಹಿಂದೆ ಇಣುಕಿ ನೋಡಿ, “ಗಂಡಸ್ರು ಯಾರೂ ಬಂದಿಲ್ಲೇನಮ್ಮಾ?” ಎಂದು ಕೇಳಿದ. “ಚಾರ್ಜರಿಗೆ ಮೀಸಿ ಬೇಕೇನ್ರಿ?” ಎಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ಒಂದೊಂದನ್ನೇ ತೆಗೆದು ತೋರಿಸಿದ. ದೋಣಿಗೆ ಎಂದಾಗ ಮತ್ತೆ ನಕ್ಕ. ನಾನು ನಗಲಿಲ್ಲ. ಗಾಜಿನದು ಬೇಡ ಎಂದೆ. ಎರಡು ಗಂಟೆಯಲ್ಲಿ ತುಂಬಿಸುತ್ತದೆ ಎಂದು ಅವನು ಹೊಗಳಿದ್ದನ್ನು ಬದಿಗಿಟ್ಟೆ. ಗಬಗಬ ತಿನ್ನಿಸಿದರೆ ಬ್ಯಾಟರಿ ಬಿಸಿಯಾಗಿ ಕುದಿಯುತ್ತದೆ, ರಾತ್ರಿಯಿಡೀ ನಿಧಾನವಾಗಿ ಕೊಡುವುದೇ ಅದಕ್ಕೆ ಒಳ್ಳೆಯದು ಎಂದು ಕೇಳಿ ತಿಳಿದುಕೊಂಡೇ ಹೋಗಿದ್ದೆ. ಎಷ್ಟು ಕರೆಂಟು ಹೋಗುತ್ತಿದೆ ಎಂದು ತೋರಿಸುವ ಮುಳ್ಳು ಇರಬೇಕು, ಒಳಗೆ ಫ್ಯೂಸ್ ಇರಬೇಕು, ಒದ್ದೆ ಕೈಯಲ್ಲಿ ಮುಟ್ಟಿದರೆ ಅಪ್ಪನಿಗೆ ಹೊಡೆಯಬಾರದು. ಕೊನೆಗೆ ಒಳಗೆ ಲೋಹದ ಬಿಲ್ಲೆಗಳನ್ನು ಸಾಲಾಗಿ ಪೋಣಿಸಿದ್ದ, ನೋಡಲು ಏನೂ ಚೆಂದವಿಲ್ಲದ ಒಂದು ಬೂದು ಡಬ್ಬಿಯನ್ನು ತಂದೆ. ಬಸ್ಸಿನಲ್ಲಿ ಸಿರುಗುಪ್ಪದವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ.

ಅದೂ ಸಂಜೆಗೆ ಸತ್ತಿತು.

ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಬೆಳಿಗ್ಗೆ ಎದ್ದು ನಿಂತಿತ್ತು. ಮಾವನಿಗೆ ಹಬ್ಬ. “ತೂಕ ಇಲ್ಲಾಂದ್ನಲ್ಲ ನಾ!” ಎಂದು ಊರೆಲ್ಲ ಸಾರಿದ. ಡಬ್ಬಿ ಹೊತ್ತುಕೊಂಡು ಮತ್ತೆ ಬಳ್ಳಾರಿ. ಬ್ರೂಸ್‌ಪೇಟೆಯವನು ಹಾಡಹಗಲಲ್ಲಿ ಸಿಕ್ಕಿಸಿ ತೋರಿಸಿದ. ಮುಳ್ಳು ಸೆಟೆದು ನಿಂತಿತು. ನಂಬದೆ ಕೌಲ್ ಬಜಾರಿನ ರಿಪೇರಿ ಅಂಗಡಿಯೊಂದಕ್ಕೆ ಒಯ್ದು ಬಿಚ್ಚಿಸಿದೆ. ಅಲ್ಲಿಯೂ ಎಲ್ಲ ಸರಿ. “ನಿಮ್ಮೂರಾಗ ಏನೋ ಐತಿ ನೋಡ್ರಿ” ಎಂದು ಅವನು ಕೈ ತೊಳೆದುಕೊಂಡ. ನಮ್ಮೂರಿನಲ್ಲಿ ಏನಿತ್ತು ಎಂದು ಅವತ್ತು ಗೊತ್ತಾಗಿದ್ದರೆ!

ನಾನು ಬಳ್ಳಾರಿಯಿಂದ ಹಿಂತಿರುಗಿದ ಮಾರನೆಯ ಸಂಜೆಯೇ ಅದು ನಡೆಯಿತು. ಹೊಳೆಯ ನಟ್ಟನಡುವೆ ಹೆಡ್‌ಲೈಟು ಕೆಂಪಾಗಿ, ಕಂದಿ, ಆರಿಹೋಯಿತು. ಕರೂರಿನ ಹೆಂಗಸರು ದೋಣಿಯ ತುಂಬ. ಅಪ್ಪ ಅಂದಾಜಿನ ಮೇಲೆ ತಿರುಗಿಸಿದ. ದೋಣಿ ಬಂಡೆಗೆ ಹತ್ತಿ ಹಲಗೆ ಸೀಳಿತು. ಕೂಸು ಕಟ್ಟಿಕೊಂಡಿದ್ದ ಒಬ್ಬಾಕೆ ನೀರಿಗೆ ಬಿದ್ದಳು. ಪುಣ್ಯಕ್ಕೆ ಅಲ್ಲಿ ಸೊಂಟದಷ್ಟೇ ನೀರು. ಉಳಿದವರು ಸೆರಗು ಹಿಡಿದು ಎಳೆದುಕೊಂಡರು. ಯಾರಿಗೂ ಏನೂ ಆಗಲಿಲ್ಲ ಎಂದು ಊರು ಸಮಾಧಾನ ಮಾಡಿಕೊಂಡಿತು. ಆದರೆ ಆ ತಾಯಿ ದಂಡೆಗೆ ಬಂದವಳೇ ಅಪ್ಪನ ಮುಖಕ್ಕೆ, “ಕಣ್ಣು ಕಾಣದಿದ್ರ ಮನ್ಯಾಗ ಕೂಡಬೇಕಪ್ಪಾ, ನಮ್ಮನ್ಯಾಕ ಮುಣುಗಿಸ್ತಿ?” ಎಂದಳು. ಎಲ್ಲರೆದುರಿಗೆ.

ಮರುದಿನ ಹಲಗೆ ಬಡಿಸಲು ಬಡಿಗನನ್ನು ಕರೆಸಿದೆವು. ಸಂಜೆ ಅವನಿಗೆ ಒಂದು ಚೆಂಬು ಮಜ್ಜಿಗೆ ಕೇಳಲು ನಾನು ಅತ್ತೆಯ ಮನೆಗೆ ಹೋದೆ. ಆ ಹೊತ್ತಿನಲ್ಲಿ ಅವಳ ಮನೆಗೆ ಕೇಳಲು ಹೋಗುವವರು ಯಾರೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಉಪ್ಪು, ಮೊಸರು, ಎಣ್ಣೆ, ಬೆಂಕಿ, ಯಾವುದೂ ಹೊಸ್ತಿಲು ದಾಟಬಾರದು, ದಾಟಿದರೆ ಲಕ್ಷ್ಮಿಯೂ ಹಿಂದೆಯೇ ಹೊರಡುತ್ತಾಳೆ. ಇದು ಎಲ್ಲ ಮನೆಯ ಪದ್ಧತಿ, ನಮ್ಮ ಮನೆಯದೂ ಹೌದು. ನನಗೆ ಅವತ್ತು ತಲೆ ಕೆಟ್ಟಿತ್ತು, ಹೊತ್ತು ನೋಡದೆ ಹೋದೆ. ಅತ್ತೆ ಅಂಗಳಕ್ಕೆ ನೀರು ಚಿಮುಕಿಸಿ, ಒಳಗೆ ಬಂದು, ಮುಖ ತೊಳೆದು ಕುಂಕುಮದ ಜಾಗಕ್ಕೆ ವಿಭೂತಿ ಇಟ್ಟುಕೊಂಡು, ಬಲಗೈಗೆ ಸೆರಗು ಸುತ್ತಿಕೊಂಡು ಗೋಡೆಯ ಹತ್ತಿರ ಹೋದಳು. ದೋಣಿಗೆ ಹೋಗುವ ವೈರಿನ ಪ್ಲಗ್ಗನ್ನು ಕಿತ್ತಳು. ಗೋಡೆಗೆ ಕೈ ಮುಗಿದಳು. ಆಮೇಲೆ ದೇವರ ದೀಪ ಹಚ್ಚಿದಳು.

ನಾನು ಕಿರುಚಿದೆ.

“ಏನ್ ಮಾಡಿದಿ ಅತ್ತಿ?”

“ಏನ್ ಮಾಡಿದೆ? ದೀಪ ಹಚ್ಚೋ ಹೊತ್ತಲ್ಲೇನ? ಮನಿ ಬೆಳಕು ಹೊರಗ ಕೊಡತಾರೇನು? ಮುಂಜಾನಿ ಕಸ ಹೊಡೆದು ನೀರು ಹಾಕಿ ಮತ್ತ ಚುಚ್ಚತೀನಿ.”

“ದಿನಾ?”

“ದಿನಾ. ನಾ ಏನು ಪದ್ಧತಿ ಇಲ್ಲದಾಕೀನ?”

ನಾನು ಏನೇನು ಅಂದೆನೋ ಈಗ ನೆನಪಿಲ್ಲ. ನಿನ್ನಿಂದ ಒಂದು ಕೂಸು ಸಾಯುತ್ತಿತ್ತು ಎಂದಂತೂ ಅಂದೆ. ಅತ್ತೆ ಮೊದಲು ಕೆಂಡವಾದಳು. ಪ್ಲಗ್ಗಿಗೂ ಸತ್ತ ಚಾರ್ಜರಿಗೂ ಇದ್ದ ನಂಟು ಅವಳಿಗೆ ಅರ್ಥವಾದದ್ದು ಆಮೇಲೆ. ಹಗಲು ಕೊಟ್ಟದ್ದು ಬ್ಯಾಟರಿಯಲ್ಲಿ ಇರುತ್ತದೆ, ಗಡಿಗೆಯಲ್ಲಿ ನೀರು ಇರುವ ಹಾಗೆ, ಎಂದುಕೊಂಡಿದ್ದಳಂತೆ. ಗೋಡೆಗೆ ಒರಗಿ ಕೂತುಬಿಟ್ಟಳು. ಕೂತಲ್ಲಿಂದಲೇ ಅಂದಳು: “ಒಂದು ಮಾತು ನನ್ನ ಕೇಳಿದ್ರೇನು? ಹೊತ್ತು ಮುಳುಗೋಕಿಂತ ಮೊದಲ ನಿಮ್ಮ ದೋಣಿ ದೀಪಕ್ಕ ಕುಂಕುಮ ಹಚ್ಚಿ, ಇದೂ ನಮ್ಮನಿ ದೀಪ ಅಂತ ಇಟ್ಕೊಂಡಿದ್ರ ಮುಗೀತಿತ್ತು. ಆಗ ಅದು ಹೊರಗ ಕೊಟ್ಟಂಗ ಆಗತಿರಲಿಲ್ಲ. ಬಳ್ಳಾರಿ ಅಂಗಡಿ ಎಲ್ಲಾ ಕೇಳಿದ್ರಿ. ನನ್ನ ಯಾರೂ ಕೇಳಲಿಲ್ಲ.”

ಅವಳು ಎದ್ದು ಪ್ಲಗ್ಗನ್ನು ತಾನೇ ಮತ್ತೆ ಚುಚ್ಚಿದಳು. ದೇವರ ದೀಪ ಉರಿಯುತ್ತಿರುವಾಗಲೇ.

ನಾನು ಓಡುತ್ತಲೇ ದಂಡೆಗೆ ಬಂದೆ. ಅಪ್ಪ ದೋಣಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಪೆಟ್ಟಿಗೆಯೊಳಗೆ ಚಾರ್ಜರ್ ಗುಂಯ್ ಎನ್ನುತ್ತಿತ್ತು. ಸಂಜೆಯ ಹೊತ್ತಿನಲ್ಲಿ ಆ ಸದ್ದನ್ನು ಅದೇ ಮೊದಲ ಸಲ ಕೇಳಿದ್ದು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

“ನಿನಗ ಗೊತ್ತಿತ್ತು.”

“ನಿನ್ನ ಮಾವ ತಂದದ್ದು ಇದ್ದಾಗ ಒಮ್ಮೆ ನೋಡೀನಿ. ಹೊತ್ತು ಇನ್ನೂ ಪೂರಾ ಮುಳುಗಿರಲಿಲ್ಲ, ಕಿಟಕ್ಯಾಗ ಕಂಡಿತು.”

“ಮತ್ತ ಹೇಳಬಾರದಾ? ನನ್ನ ಬಳ್ಳಾರಿಗೆ ಅಟ್ಟಿದೆಲ್ಲೋ ಅಪ್ಪಾ! ಕತ್ತಲಾಗ ಮಂದಿ ಕೂರಿಸಿಕೊಂಡು ಹೋದೆಲ್ಲೋ!”

ಅಪ್ಪ ಹೊಳೆಯ ಕಡೆಗೆ ನೋಡುತ್ತಿದ್ದ. ಅವನಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. “ಅಕ್ಕ ಕೊಟ್ಟ ಕರೆಂಟು ಅದು. ಕೊಡಾಕಿಗೆ ಯಾವಾಗ ಕೊಡಬೇಕು ಅಂತ ನಾ ಹೇಳಲೇನು? ಒಳ್ಳೆ ಚಾರ್ಜರ್ ಸಿಕ್ಕರ ಮುಂಜಾನಿ ಅಷ್ಟ ಹೊತ್ತಿನ್ಯಾಗ ತುಂಬತೈತಿ ಅಂದ್ಕೊಂಡಿದ್ದೆ” ಎಂದ.

ಅವನನ್ನು ಹಿಡಿದು ಅಲುಗಿಸಬೇಕು ಎನಿಸಿತು. ಅಕ್ಕನ ಮುಂದೆ ಬಾಯಿ ಬಿಟ್ಟರೆ ಸಣ್ಣವನಾಗುತ್ತೇನೆ ಎಂಬ ಸಂಕೋಚಕ್ಕೆ, ಕೆಸರು ಮೆತ್ತಿದ ಅಷ್ಟು ಹೆಂಗಸರನ್ನು, ಒಂದು ಕೂಸನ್ನು ಪಣಕ್ಕೆ ಇಟ್ಟಿದ್ದ. ನಮ್ಮ ಮನೆತನದಲ್ಲಿ ಇದನ್ನೇ ಮರ್ಯಾದೆ ಎನ್ನುತ್ತಿದ್ದರು. ಸುಡಲಿ ಆ ಮರ್ಯಾದೆ ಎಂದು ಅವತ್ತು ಮುಖದ ಮೇಲೆಯೇ ಹೇಳಿದೆ. ಈಗಲೂ ಹೇಳುತ್ತೇನೆ.

ಅವತ್ತಿನಿಂದ ಪ್ಲಗ್ಗು ಕಿತ್ತದ್ದೇ ಇಲ್ಲ. ಮುಳ್ಳು ರಾತ್ರಿಯಿಡೀ ನೆಟ್ಟಗೆ ನಿಂತಿರುತ್ತಿತ್ತು. ಹೊತ್ತು ಮುಳುಗುವ ಮುಂಚೆ ಅತ್ತೆ ತಾನೇ ದಂಡೆಗಿಳಿದು ಬಂದು ಹೆಡ್‌ಲೈಟಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದಳು. ಅದು ಆಚೆ ದಡದವರೆಗೂ ಉರಿಯುತ್ತಿತ್ತು, ಗೂಟಕ್ಕೆ ಕಟ್ಟಿದ ದೋಣಿಯ ಮೇಲೆ. ಏಕೆಂದರೆ ಕರೂರಿನ ಹೆಂಗಸರು ಸಂಜೆ ಇನ್ನೊಬ್ಬನ ಹರಿಗೋಲು ಹತ್ತತೊಡಗಿದ್ದರು, ಕಂದೀಲು ಹಿಡಿದು. ಅಪ್ಪನ ದೀಪದ ಬೆಳಕಿನಲ್ಲೇ ಬಂಡೆ ತಪ್ಪಿಸಿಕೊಂಡು ದಂಡೆಗೆ ಬರುತ್ತಿದ್ದರು. ಅಪ್ಪ ಪಕ್ಕದಲ್ಲಿ ಕೂತು, ಅವರು ಇಳಿದು ಹೋಗುವವರೆಗೆ ದೀಪ ಹಿಡಿದಿರುತ್ತಿದ್ದ. ಒಬ್ಬರೂ ಅವನನ್ನು ಮಾತನಾಡಿಸುತ್ತಿರಲಿಲ್ಲ.

ಆ ಚಾರ್ಜರ್ ಇನ್ನೂ ನನ್ನ ಅಟ್ಟದ ಮೇಲಿದೆ. ಹೋದ ತಿಂಗಳು ಧೂಳು ಒರೆಸಿ ಸಿಕ್ಕಿಸಿ ನೋಡಿದೆ. ಮುಳ್ಳು ಎದ್ದು ನಿಂತಿತು.